ಸೊಪ್ಪಿನ ಹಸಿರಿನಿಂದ ಬಣ್ಣಗಳನ್ನು ಬಿಡಿಸಿದ ಬಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಂತೆಗಳಿಗೆ ಬರುವ ಪಾಲಕ್, ಮೆಂತ್ಯ, ಹೊನಗೊನೆ, ನುಗ್ಗೆ ಸೊಪ್ಪುಗಳ ಹಸಿರಿನಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ವರ್ಣದ್ರವ್ಯಗಳಿವೆ: ನೀಲಿಗೆ ವಾಲಿದ ಹಸಿರಿನ ಕ್ಲೋರೋಫಿಲ್ ಎ, ಹಳದಿಗೆ ವಾಲಿದ ಹಸಿರಿನ ಕ್ಲೋರೋಫಿಲ್ ಬಿ, ಕಿತ್ತಳೆ ಬಣ್ಣದ ಕ್ಯಾರೋಟೀನ್, ಹಳದಿ ಕ್ಸಾಂತೋಫಿಲ್. ಇವುಗಳನ್ನು ಕೆಡದಂತೆ ಬೇರೆಬೇರೆ ಮಾಡುವ ವಿದ್ಯೆ ನೆಲೆಗೊಳ್ಳಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಮೊದಲ ತೊಡಕು ಕರಗಿಸುವುದರಲ್ಲೇ ಇತ್ತು. ಬಸ್ಸಾರಿಗೆ ಕೆಂಪು ದಂಟನ್ನು ಬೇಯಿಸಿ ಬಸಿದರೆ ಅದರ ಕೆಂಪು ಕಟ್ಟಿಗೆ ಇಳಿಯುತ್ತದೆ; ಅದು ನೀರಿನಲ್ಲಿ ಕರಗುವ ಬೀಟಾಸಯನಿನ್. ಹಸಿರು ಮಾತ್ರ ಸೊಪ್ಪಿನಲ್ಲೇ ಉಳಿಯುತ್ತದೆ. ಅದನ್ನು ಹೊರತರಲು ಆಲ್ಕೋಹಾಲ್, ಅಸಿಟೋನಿನಂಥ ದ್ರಾವಕ ಬೇಕು. ಪ್ಯಾರಿಸ್ಸಿನ ಪೆಲ್ಲೆಟಿಯೇ ಮತ್ತು ಕಾವೆಂಟೂ 1817ರಲ್ಲಿ ಹೀಗೆ ತೆಗೆದ ಹಸಿರಿಗೆ ಕ್ಲೋರೋಫಿಲ್ ಎಂದು ಹೆಸರಿಟ್ಟರು. 1831ರಲ್ಲಿ ವಾಕೆನ್‌ರೋಡರ್ ಕ್ಯಾರೆಟ್ಟಿನಿಂದ ಕ್ಯಾರೋಟೀನ್ ತೆಗೆದರು. ಎಲೆಯಲ್ಲಿ ಎರಡು ಹಸಿರು, ಎರಡು ಹಳದಿ ಇವೆಯೆಂದು 1864ರಲ್ಲಿ ಸ್ಟೋಕ್ಸ್ ಹೇಳಿದರು.

ಅವನ್ನು ಕಣ್ಣೆದುರೇ ಬಿಡಿಸಿಟ್ಟವರು ವಾರ್ಸಾದಲ್ಲಿದ್ದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್. ಪೆಟ್ರೋಲಿಯಂ ಈಥರಿನಲ್ಲಿ ಎಲೆ ಅರೆದರೆ ಕ್ಯಾರೋಟೀನ್ ಮಾತ್ರ ಸುಲಭವಾಗಿ ಬರುತ್ತದೆ, ತುಸು ಆಲ್ಕೋಹಾಲ್ ಬೆರೆಸಿದೊಡನೆ ಹಸಿರೂ ಇಳಿಯುತ್ತದೆ. ಎಲೆಯ ಅಂಗಾಂಶ ಒಂದೊಂದು ಬಣ್ಣವನ್ನು ಒಂದೊಂದು ಬಿಗಿಯಲ್ಲಿ ಹಿಡಿದಿರಬೇಕೆಂದು ಅವರು ಊಹಿಸಿದರು. ನೂರಕ್ಕೂ ಹೆಚ್ಚು ಪುಡಿಗಳನ್ನು ಪರೀಕ್ಷಿಸಿದರು. ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ತುಂಬಿ ಎಲೆಯ ಸಾರವನ್ನು ಹರಿಸಿದಾಗ ಬಣ್ಣಗಳು ಪಟ್ಟೆಪಟ್ಟೆಯಾಗಿ ನಿಂತವು. 1903ರಲ್ಲಿ ಈ ಕ್ರಮವನ್ನು ಉಪನ್ಯಾಸದಲ್ಲಿ ವಿವರಿಸಿದ ಅವರು, 1906ರಲ್ಲಿ ಅದನ್ನು ಕ್ರೊಮ್ಯಾಟೋಗ್ರಫಿ ಎಂದು ಕರೆದರು. ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ. ಆದರೂ ರಸಾಯನಜ್ಞರು ಅದನ್ನು ಬಹುಮಟ್ಟಿಗೆ ಕಡೆಗಣಿಸಿದರು. 1919ರಲ್ಲಿ ತ್ಸ್ವೆಟ್ ತೀರಿಕೊಂಡರು. 1931ರಲ್ಲಿ ಹೈಡೆಲ್‌ಬರ್ಗಿನ ಕೂನ್ ಮತ್ತು ಲೆಡೆರರ್ ಅದೇ ಕ್ರಮದಿಂದ ಕ್ಯಾರೋಟೀನುಗಳನ್ನು ಬೇರ್ಪಡಿಸಿದ ಮೇಲೆ ಅದಕ್ಕೆ ಮನ್ನಣೆ ಬಂತು.

ಈ ನಡುವೆ ರಸಾಯನಜ್ಞ ವಿಲ್‌ಸ್ಟಾಟರ್ ಒಣಗಿದ ತುರಿಕೆಗಿಡದ ಎಲೆಗಳಿಂದ ಹೆಚ್ಚಿನ ಪ್ರಮಾಣದಲ್ಲಿ ಕ್ಲೋರೋಫಿಲ್ ಶುದ್ಧೀಕರಿಸಿ, ಅದರ ಅಣುವಿನಲ್ಲಿ ಮೆಗ್ನೀಸಿಯಂ ಇದೆಯೆಂದು ತೋರಿಸಿದರು. 1915ರ ನೊಬೆಲ್ ಅವರಿಗೆ ಸಂದಿತು. ಹುಣಿಸೆಹುಳಿ ಬಿದ್ದ ಸೊಪ್ಪು ಕಂದುವುದೂ ಈ ಮೆಗ್ನೀಸಿಯಂ ಕಳಚಿಕೊಳ್ಳುವುದರಿಂದಲೇ. ಎಲೆಯೊಳಗಿನ ಹುಳಿಯೂ ಅದೇ ಕೆಲಸ ಮಾಡುವುದರಿಂದ, ಪ್ರಯೋಗಾಲಯದಲ್ಲಿ ಸೊಪ್ಪು ಅರೆಯುವಾಗ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ಮಂದ ಬೆಳಕಿನಲ್ಲಿ, ತಂಪಿನಲ್ಲಿ ಕೆಲಸ ಸಾಗುತ್ತದೆ.

1940ರ ದಶಕದಲ್ಲಿ ಪುಡಿಯ ಜಾಗಕ್ಕೆ ಶೋಧಕ ಕಾಗದವೂ ಬಂತು. ಪ್ರಥಮ ಪಿಯುಸಿ ಜೀವಶಾಸ್ತ್ರದ ಪ್ರಾಯೋಗಿಕದಲ್ಲಿ ಇಂದಿಗೂ ಇದೇ ಕ್ರಮವಿದೆ: ಅಸಿಟೋನಿನಲ್ಲಿ ಅರೆದ ಪಾಲಕಿನ ಸಾರವನ್ನು ಕಾಗದದ ಪಟ್ಟಿಗೆ ತೊಟ್ಟಿಕ್ಕಿ, ಒಂಬತ್ತು ಪಾಲು ಪೆಟ್ರೋಲಿಯಂ ಈಥರಿಗೆ ಒಂದು ಪಾಲು ಅಸಿಟೋನ್ ಸೇರಿಸಿದ ಜಾಡಿಯಲ್ಲಿ ತೂಗುಹಾಕುತ್ತಾರೆ. ಕ್ಯಾರೋಟೀನ್ ಎಲ್ಲಕ್ಕಿಂತ ಮೇಲೇರುತ್ತದೆ. ಕೆಳಗೆ ಕ್ಸಾಂತೋಫಿಲ್, ಕ್ಲೋರೋಫಿಲ್ ಎ, ಕೊನೆಗೆ ಬಿ.

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಈ ವಿದ್ಯೆಯನ್ನು ಊಟದ ಸೊಪ್ಪಿಗೆ ತಂದಿತು. ಅಲ್ಲಿಯ ವಿಜ್ಞಾನಿಗಳು 2005ರಲ್ಲಿ ಹಲವು ಭಾರತೀಯ ಸೊಪ್ಪುಗಳ ಕ್ಯಾರೋಟಿನಾಯ್ಡ್‌ಗಳನ್ನು ಅಧಿಕ ಒತ್ತಡದ ಕ್ರೊಮ್ಯಾಟೋಗ್ರಫಿಯಿಂದ ಅಳೆದು ಪ್ರಕಟಿಸಿದರು. ಬೀಟಾ ಕ್ಯಾರೋಟೀನ್ ದೇಹದಲ್ಲಿ ಎ ಜೀವಸತ್ವವಾಗುತ್ತದೆ. ಲ್ಯೂಟೀನ್ ಎಂಬ ಕ್ಸಾಂತೋಫಿಲ್ ಕಣ್ಣಿನ ಅಕ್ಷಿಪಟದ ನಡುಭಾಗದಲ್ಲಿ ಸೇರಿಕೊಂಡು ನೀಲಿ ಬೆಳಕನ್ನು ಹೀರುತ್ತದೆ. ಲ್ಯೂಟೀನನ್ನು ಶುದ್ಧವಾಗಿ ಪಡೆಯಲು ಸೊಪ್ಪಿನ ಸಾರಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕುತ್ತಾರೆ. ಕ್ಲೋರೋಫಿಲ್ ಒಡೆದು ನೀರಿನ ಪದರಕ್ಕೆ ಹೋಗುತ್ತದೆ, ಉಳಿದ ಹಳದಿಯನ್ನು ತ್ಸ್ವೆಟ್ ಹಾಕಿಕೊಟ್ಟ ಮಾದರಿಯ ಕೊಳವೆಯಲ್ಲೇ ಬೇರ್ಪಡಿಸುತ್ತಾರೆ.