ಮೇಲಿನ ಊರು, ಕೆಳಗಿನ ಊರು, ನಡುವೆ ಒಂದು ಬಕೆಟ್ಟು



ದುಂದುಗಾರನನ್ನು ಕಂಡಾಗ ನಾವು "ಅವನು ದುಡ್ಡನ್ನು ನೀರಿನ ಹಾಗೆ ಖರ್ಚು ಮಾಡ್ತಾನೆ" ಅಂತೀವಿ, ಅಲ್ಲವೇ? ಈ ಮಾತು ಹುಟ್ಟಿದ್ದು ಖಂಡಿತವಾಗಿ ಛತ್ರಪತಿ ಸಂಭಾಜಿನಗರದಲ್ಲಲ್ಲ. 2023ರವರೆಗೆ ಔರಂಗಾಬಾದ್ ಅಂತ ಕರೆಸಿಕೊಳ್ಳುತ್ತಿದ್ದ ಆ ಊರಿನಲ್ಲಿ ವರ್ಷಗಟ್ಟಲೆ ನಲ್ಲಿಯಲ್ಲಿ ನೀರು ಬಂದದ್ದು ವಾರಕ್ಕೊಮ್ಮೆ, ಕೆಲವು ಬಡಾವಣೆಗಳಲ್ಲಿ ಇನ್ನೂ ತಡವಾಗಿ. 2022ರ ಮೇ ತಿಂಗಳಲ್ಲಿ ಜನ ನೀರಿಗಾಗಿ ದೊಡ್ಡ ಮೆರವಣಿಗೆಯನ್ನೇ ಹೊರಡಿಸಿದ್ದರು. ಅಲ್ಲಿಯ ಗೃಹಿಣಿ ಮಾತನ್ನು ತಿರುಗಿಸಿ ಹೇಳಬೇಕಾಗುತ್ತದೆ: ನೀರನ್ನು ದುಡ್ಡಿನ ಹಾಗೆ ಎಣಿಸಿ ಇಡು.

ನಗರದಲ್ಲಿ ಮಿತವಾಗಿ, ಪರಿಸರಕ್ಕೆ ಭಾರವಾಗದ ಹಾಗೆ ಬದುಕುವುದು ಹೇಗೆ, ಅದರ ಬಗ್ಗೆ ಮಾತಾಡಿ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ದೀಪ ಆರಿಸಿ, ಬಟ್ಟೆ ಚೀಲ ಹಿಡಿಯಿರಿ ಅಂತ ಪಟ್ಟಿ ಓದಿ ಮುಗಿಸಬಹುದಿತ್ತು. ಆದರೆ ಅಂಥ ಪಟ್ಟಿ ನಿಮಗೆಲ್ಲ ಬಾಯಿಪಾಠ. ಅದಕ್ಕೇ ಇವತ್ತು ನೀರೊಂದನ್ನೇ ಹಿಡಿದು, ಗೋದಾವರಿಯ ಜೊತೆ ಎರಡು ಊರಿಗೆ ಹೋಗಿ ಬರೋಣ. ಒಂದು ಮೇಲಿನ ಊರು ನಾಸಿಕ, ಇನ್ನೊಂದು ಕೆಳಗಿನ ಊರು ಸಂಭಾಜಿನಗರ.

ಕನ್ನಡ ಬಿ.ಎ. ಓದುವಾಗ ನನಗೆ ಗೋದಾವರಿ ಪುಸ್ತಕದೊಳಗಿನ ಒಂದು ಹೆಸರು ಮಾತ್ರ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಗಡಿಯಾಗಿ ಆ ನದಿಯನ್ನು ಹೆಸರಿಸುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಅದು. ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರದಲ್ಲಿ ನಮ್ಮ ರಾಷ್ಟ್ರಕೂಟರು ಬಂಡೆ ಕೊರೆದು ಕೈಲಾಸ ದೇವಾಲಯ ಮಾಡಿಸಿದರು. ಆ ಜಿಲ್ಲೆಯಲ್ಲಿ 'ಕನ್ನಡ' ಅಂತಲೇ ಒಂದು ತಾಲೂಕು ಇದೆ, ಬೋರ್ಡು ನೋಡಿದರೆ ಖುಷಿಯಾಗುತ್ತದೆ. ನಾಸಿಕದ ಹತ್ತಿರ ಓಝರಿನಲ್ಲಿ ಎಚ್‌ಎಎಲ್ ಕಾರ್ಖಾನೆ ಇರುವುದರಿಂದ ಬೆಂಗಳೂರಿನ ಕಡೆಯವರಿಗೂ ಆ ಊರು ಹೊಸದಲ್ಲ. ಇರಲಿ, ನಾವು ನೀರಿಗೆ ಬರೋಣ.

ಗೋದಾವರಿ ಹುಟ್ಟುವುದು ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ಅಲ್ಲಿಂದ ಗಂಗಾಪುರ ಅಣೆಕಟ್ಟು, ನಾಸಿಕ ಪಟ್ಟಣ, ಮುಂದೆ ಪೂರ್ವಕ್ಕೆ ಹರಿದು ಪೈಠಣದ ಬಳಿ ಜಾಯಕವಾಡಿ ಜಲಾಶಯ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1965ರಲ್ಲಿ ಅಡಿಗಲ್ಲು ಹಾಕಿ, ಇಂದಿರಾ ಗಾಂಧಿಯವರು 1976ರಲ್ಲಿ ಉದ್ಘಾಟಿಸಿದ ಅಣೆಕಟ್ಟು ಇದು. ಸಂಭಾಜಿನಗರ ಕುಡಿಯುವುದು ಇದರ ನೀರನ್ನು. ಅಂದರೆ ನಾಸಿಕದವರು ಬಳಸಿ ಉಳಿಸಿದ್ದು ಸಂಭಾಜಿನಗರದ ಪಾಲು. ಮೇಲಿನ ಮನೆಯವರು ನಲ್ಲಿ ತೆರೆದಿಟ್ಟರೆ ಕೆಳಗಿನ ಮನೆಯ ನಲ್ಲಿ ಸೊರಗುತ್ತದಲ್ಲ, ಅದೇ ಕಥೆ, ನೂರಾರು ಕಿಲೋಮೀಟರಿನ ಅಳತೆಯಲ್ಲಿ.

ಕಾವೇರಿಯ ಜಗಳ ಕೇಳಿ ಬೆಳೆದ ನಮಗೆ ಮುಂದಿನದು ಊಹಿಸುವುದು ಕಷ್ಟವಲ್ಲ. ಆದರೆ ಇಲ್ಲಿ ಎರಡು ರಾಜ್ಯಗಳಲ್ಲ, ಒಂದೇ ರಾಜ್ಯದ ಎರಡು ಭಾಗ. ಮಹಾರಾಷ್ಟ್ರ 2005ರಲ್ಲಿ ಜಲಸಂಪನ್ಮೂಲ ನಿಯಂತ್ರಣಕ್ಕೆ ಒಂದು ಕಾನೂನು ಮಾಡಿ, ಮೇಲಿನವರೂ ಕೆಳಗಿನವರೂ ಕೊರತೆಯನ್ನು ಹಂಚಿಕೊಳ್ಳಬೇಕು ಅಂದಿತು. ಮಳೆಗಾಲ ಮುಗಿದಾಗ ಜಾಯಕವಾಡಿಯಲ್ಲಿ ಬಳಕೆಯ ನೀರು ಶೇಕಡಾ 65ಕ್ಕಿಂತ ಕಡಿಮೆ ಇದ್ದರೆ ಮೇಲಿನ ಅಣೆಕಟ್ಟುಗಳಿಂದ ಬಿಡಬೇಕು ಅಂತ ಪ್ರಾಧಿಕಾರ 2014ರಲ್ಲಿ ಆದೇಶಿಸಿತು. 2016ರಲ್ಲಿ ಬಾಂಬೆ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2023ರ ಅಕ್ಟೋಬರಿನಲ್ಲಿ 8.6 ಟಿ.ಎಂ.ಸಿ. ಬಿಡಲು ಆದೇಶವಾದಾಗ ನಾಸಿಕ, ಅಹ್ಮದ್‌ನಗರಗಳಲ್ಲಿ ಪ್ರತಿಭಟನೆ, ಮರಾಠವಾಡಾದಲ್ಲಿ ಇನ್ನೂ ಯಾಕೆ ಬಿಟ್ಟಿಲ್ಲ ಅಂತ ಪ್ರತಿಭಟನೆ. ಒಂದು ಟಿ.ಎಂ.ಸಿ. ಅಂದರೆ ಸುಮಾರು 2,830 ಕೋಟಿ ಲೀಟರು. ಬಿಟ್ಟದ್ದೆಲ್ಲ ತಲುಪುವುದೂ ಇಲ್ಲ. ಒಣಗಿದ ನದಿಪಾತ್ರ ಕುಡಿದದ್ದು, ದಾರಿಯಲ್ಲಿ ಆವಿಯಾದದ್ದು, ಪಂಪು ಹಾಕಿ ಎತ್ತಿದ್ದು, ಎಲ್ಲ ಕಳೆದು ಉಳಿದದ್ದಷ್ಟೇ ಸಿಗುತ್ತದೆ.

ಹಾಗಂತ ಮೇಲಿನ ಊರು ಸುಖವಾಗಿದೆ ಅಂದುಕೊಳ್ಳಬೇಡಿ. 2015ರಲ್ಲಿ ನಾಸಿಕದಲ್ಲಿ ಸಿಂಹಸ್ಥ ಕುಂಭಮೇಳ ನಡೆಯಿತು, ಲಕ್ಷ ಲಕ್ಷ ಜನ ರಾಮಕುಂಡದಲ್ಲಿ ಮುಳುಗಿ ಎದ್ದರು. ಮುಂದಿನ ವರ್ಷ, 2016ರ ಏಪ್ರಿಲ್‌ನಲ್ಲಿ, ಸರಿಯಾಗಿ ಯುಗಾದಿಯ ಹೊತ್ತಿಗೆ, ಅದೇ ರಾಮಕುಂಡ ಒಣಗಿ ನಿಂತಿತ್ತು. ಅದೇ ತಿಂಗಳು ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ಹೋಯಿತು.

ಈಗ ಸಂಭಾಜಿನಗರದ ಹಳೆಯ ಕಥೆ. ಈ ಊರನ್ನು 1610ರಲ್ಲಿ ಖಡಕಿ ಎಂಬ ಹೆಸರಿನಲ್ಲಿ ಕಟ್ಟಿದವನು ಮಲಿಕ್ ಅಂಬರ್. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹ್ಮದ್‌ನಗರದ ನಿಜಾಮಶಾಹಿಯ ಪ್ರಧಾನಿಯಾದವನು. ಮೊಗಲರಿಗೆ ನಿದ್ದೆಗೆಡಿಸಿದವನು ಅಂತ ಚರಿತ್ರೆಯಲ್ಲಿ ಓದುತ್ತೇವೆ. ನನಗೆ ಅವನ ಯುದ್ಧಕ್ಕಿಂತ ಅವನ ಕಾಲುವೆ ದೊಡ್ಡದು ಅನ್ನಿಸುತ್ತದೆ. ಊರಿನ ಉತ್ತರದ ಗುಡ್ಡಗಳಲ್ಲಿ ನೆಲದೊಳಗೆ ಜಿನುಗುವ ನೀರನ್ನು ಸುರಂಗದಲ್ಲಿ ಹಿಡಿದು, ಇಳಿಜಾರಿನ ಬಲದಿಂದಲೇ ಊರಿಗೆ ತಂದ. ಅದಕ್ಕೆ ನಹರ್-ಎ-ಅಂಬರಿ ಅಂತ ಹೆಸರು. ನೆಲದಡಿಯ ನೀರಾದ್ದರಿಂದ ಬಿಸಿಲಿಗೆ ಆರುವುದು ಕಡಿಮೆ. ಎತ್ತಲು ಎತ್ತೂ ಬೇಡ, ಏತವೂ ಬೇಡ. ಬೀದರಿನ ಕರೇಜ್ ನೋಡಿದವರಿಗೆ, ವಿಜಯಪುರದ ಹಳೆಯ ನೀರಿನ ಗಂಜ್‌ಗಳನ್ನು ನೋಡಿದವರಿಗೆ ಈ ಜಾಣತನ ಪರಿಚಿತವೇ.

ಅಂಥದೇ ಇನ್ನೊಂದು ಅಲ್ಲಿಯ ಪನಚಕ್ಕಿ, ಅಂದರೆ ನೀರಿನ ಬೀಸುಕಲ್ಲು. ಬಾಬಾ ಶಾಹ ಮುಸಾಫಿರರ ದರ್ಗಾದ ಅಂಗಳದಲ್ಲಿದೆ. ಕಿಲೋಮೀಟರುಗಟ್ಟಲೆ ದೂರದ ಒರತೆಯಿಂದ ಮಣ್ಣಿನ ಕೊಳವೆಯಲ್ಲಿ ಬಂದ ನೀರು ಮೇಲಿಂದ ಬಿದ್ದು ಚಕ್ರ ತಿರುಗಿಸುತ್ತಿತ್ತು. ಚಕ್ರ ಕಲ್ಲನ್ನು ತಿರುಗಿಸಿ, ಯಾತ್ರಿಕರ, ಫಕೀರರ ರೊಟ್ಟಿಗೆ ಹಿಟ್ಟು ಬೀಳುತ್ತಿತ್ತು. ಅಲ್ಲಿಗೆ ನೀರಿನ ಕೆಲಸ ಮುಗಿಯಿತೇ? ಇಲ್ಲ. ಅದೇ ನೀರು ದೊಡ್ಡ ಕೊಳದಲ್ಲಿ ನಿಂತಿತು. ಕೊಳದ ತಳವೇ ಕೆಳಗಿನ ಹಜಾರಕ್ಕೆ ಚಾವಣಿ. ಮರಾಠವಾಡಾದ ಬೇಸಿಗೆಯಲ್ಲಿ ಆ ಹಜಾರದೊಳಗೆ ತಂಪು. ಕೊಳ ತುಂಬಿ ಚೆಲ್ಲಿದ್ದು ಪಕ್ಕದ ಖಾಮ್ ನದಿಗೆ. ಹಿಟ್ಟು ಬೀಸಿತು, ಕೊಳ ತುಂಬಿತು, ಮನೆ ತಂಪು ಮಾಡಿತು, ನದಿಗೂ ಸೇರಿತು. ಒಂದು ಯೂನಿಟ್ ಕರೆಂಟಿಲ್ಲ.

ನೋಡಿ, ಮಿತವ್ಯಯ ಅಂದರೆ ನಾವು ಸಾಮಾನ್ಯವಾಗಿ ಕಡಿಮೆ ಮಾಡುವುದು, ಹೊಟ್ಟೆ ಕಟ್ಟುವುದು ಅಂತ ತಿಳಿಯುತ್ತೇವೆ. ಪನಚಕ್ಕಿಯ ಲೆಕ್ಕ ಬೇರೆ. ಇರುವ ನೀರನ್ನು ಬಿಟ್ಟುಕೊಡುವ ಮುಂಚೆ ಅದರಿಂದ ಎಷ್ಟು ಕೆಲಸ ಮಾಡಿಸಿಕೊಂಡೆ ಅನ್ನುವ ಲೆಕ್ಕ. ನಮ್ಮ ಅಜ್ಜಿಯಂದಿರಿಗೆ ಇದು ಯಾರೂ ಹೇಳಿಕೊಡದೆ ಗೊತ್ತಿತ್ತು. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿಗೆ, ಬಚ್ಚಲ ನೀರು ಹಿತ್ತಲ ಬಾಳೆಗೆ, ಕೆಸುವಿಗೆ. ಮುಂಬಯಿಯ ಫ್ಲಾಟಿನಲ್ಲಿ ಹಸುವೂ ಇಲ್ಲ, ಹಿತ್ತಲೂ ಇಲ್ಲ, ನಿಜ. ಆದರೆ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಇದೆ. ಒಂದು ಲೀಟರು ಕುಡಿಯಲು ಕೊಟ್ಟು ಎರಡು ಮೂರು ಲೀಟರು ಸಿಂಕಿಗೆ ಬಿಡುವ ಯಂತ್ರಗಳೇ ಹೆಚ್ಚು. ಆ ಪೈಪನ್ನು ಸಿಂಕಿನಿಂದ ತೆಗೆದು ಬಕೆಟ್ಟಿಗೆ ಬಿಡಿ, ನೆಲ ಒರೆಸಲು, ಕಕ್ಕಸಿಗೆ ಸುರಿಯಲು ಬೇಕಾದಷ್ಟಾಯಿತು. ಉಪ್ಪಿನಂಶ ಹೆಚ್ಚಿರುವುದರಿಂದ ತುಳಸಿಗೆ ಮಾತ್ರ ದಿನವೂ ಹಾಕಬೇಡಿ, ಅದಕ್ಕೆ ಅಕ್ಕಿ ತೊಳೆದ ನೀರು ಇದೆಯಲ್ಲ. ಬಟ್ಟೆ ಒಗೆಯುವ ಯಂತ್ರದ ಕೊನೆಯ ಜಾಲಾಡಿದ ನೀರು ಬಾಲ್ಕನಿ ತೊಳೆಯಲು ಧಾರಾಳ. ಸ್ನಾನಕ್ಕೆ ಒಂದು ಬಕೆಟ್ಟು, ಒಂದು ಚೊಂಬು. ಷವರ್ ಕೆಳಗೆ ನಿಂತು ಹಾಡು ಶುರು ಮಾಡಿದರೆ ಪಲ್ಲವಿ ಮುಗಿಯುವಷ್ಟರಲ್ಲೇ ಬಕೆಟ್ಟು ತುಂಬುವಷ್ಟು ಹೋಗಿರುತ್ತದೆ. ಹಾಡುವುದಾದರೆ ನಮ್ಮ ಕಾರ್ಯಕ್ರಮಕ್ಕೆ ಬಂದು ಹಾಡಿ.

ಇದರಲ್ಲಿ ಪರಿಸರದ ಲೆಕ್ಕವೂ ಅಡಗಿದೆ. ಜಾಯಕವಾಡಿಯಿಂದ ಸಂಭಾಜಿನಗರಕ್ಕೆ ಸುಮಾರು 50 ಕಿಲೋಮೀಟರ್. ಸಾಲದ್ದಕ್ಕೆ ಊರು ಜಲಾಶಯಕ್ಕಿಂತ ನೂರು ಮೀಟರಿಗೂ ಎತ್ತರದಲ್ಲಿದೆ. ಸಾವಿರ ಲೀಟರು ನೀರನ್ನು ನೂರು ಮೀಟರು ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲೇ ಕಾಲು ಯೂನಿಟ್ಟಿಗಿಂತ ಹೆಚ್ಚು ವಿದ್ಯುತ್ತು ಬೇಕು. ಪಂಪಿನಲ್ಲಿ, ಕೊಳವೆಯಲ್ಲಿ ಆಗುವ ನಷ್ಟ ಬೇರೆ. ಮಲಿಕ್ ಅಂಬರ್ ನೀರನ್ನು ಗುಡ್ಡದಿಂದ ಇಳಿಸಿ ತಂದ, ನಾವು ಕೆಳಗಿನಿಂದ ಹತ್ತಿಸಿ ತರುತ್ತಿದ್ದೇವೆ. ಹಾಗೆಂದು ಹಳೆಯ ಕಾಲುವೆಯನ್ನೇ ನೆಚ್ಚಿ ಇವತ್ತಿನ ಅಷ್ಟು ದೊಡ್ಡ ಊರು ಬದುಕಲಾರದು, ಆ ಭ್ರಮೆ ನನಗಿಲ್ಲ. ನಾಸಿಕದ ಪಾಂಡವಲೇಣಿ ಗುಹೆಗಳಲ್ಲೂ ಎರಡನೇ ಶತಮಾನದ ಶಾಸನ, ಗುಹೆಯ ಜೊತೆಗೆ ನೀರಿನ ತೊಟ್ಟಿಗಳನ್ನೂ ಕೊರೆಸಿದ್ದನ್ನು ಹೇಳುತ್ತದೆ. ಬಿದ್ದ ಮಳೆಯನ್ನು ಬಿದ್ದಲ್ಲೇ ಹಿಡಿಯುವ ಆ ಬುದ್ಧಿ ನಮ್ಮ ತಾರಸಿಗಳಿಗೂ ಬರಲಿ ಅಂತಷ್ಟೇ ನನ್ನ ಆಸೆ.

ಇಲ್ಲಿ ಒಂದು ವಿಚಿತ್ರ ಹೇಳಬೇಕು. ನೀರು ಕಡಿಮೆ ಬರುವ ಊರಿನಲ್ಲಿ ಜನ ತಾವಾಗಿಯೇ ಮಿತವ್ಯಯಿಗಳಾಗುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ವಾರಕ್ಕೊಮ್ಮೆ ನೀರು ಬರುವಲ್ಲಿ ನಲ್ಲಿ ತೆರೆದೇ ಇರುತ್ತದೆ, ನಡುರಾತ್ರಿ ಬಂದು ತೊಟ್ಟಿ ತುಂಬಿ ಚೆಲ್ಲಿದರೂ ಗೊತ್ತಾಗುವುದಿಲ್ಲ. ಹೊಸ ನೀರು ಬಂತು ಅಂತ ಹಂಡೆಯ 'ಹಳೇ ನೀರು' ಚರಂಡಿಗೆ. ಹುಬ್ಬಳ್ಳಿ-ಧಾರವಾಡದವರು ಇದನ್ನು ಓದಿ ನಗುತ್ತಿರಬಹುದು, ಅವರಿಗೂ ಗೊತ್ತಿದ್ದದ್ದೇ. ಅಲ್ಲಿ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆ ನೀರು, ಮೀಟರು ಹಾಕಿ ಕೊಡಲು ಶುರು ಮಾಡಿದರು. ನಾಳೆಯೂ ನೀರು ಬರುತ್ತದೆ ಅಂತ ನಂಬಿಕೆಯಿದ್ದರೆ ಯಾರು ನಿನ್ನೆಯ ನೀರು ಚೆಲ್ಲುತ್ತಾರೆ? ಜನರಿಗೆ ಬುದ್ಧಿ ಹೇಳುವ ಮೊದಲು ನಗರಪಾಲಿಕೆಗಳು ತಮ್ಮ ಸೋರುವ ಕೊಳವೆ ರಿಪೇರಿ ಮಾಡಲಿ ಅನ್ನುವವರ ಪಕ್ಷ ನಾನು. ಬಕೆಟ್ಟಿನ ಮಾತು ಆಡಿದ್ದೇನೆ ಅಂತ ಅದನ್ನು ಮರೆತಿಲ್ಲ.

ಇನ್ನೂ ಒಂದು ಮಾತು ಮುಚ್ಚಿಡಬಾರದು. ನಮ್ಮ ನಿಮ್ಮ ಮನೆಯ ಬಕೆಟ್ಟಿನಿಂದ ಜಾಯಕವಾಡಿ ತುಂಬುವುದಿಲ್ಲ. ಗೋದಾವರಿ ಕಣಿವೆಯಲ್ಲಿ ಬಹುಪಾಲು ನೀರು ಹೋಗುವುದು ಹೊಲಕ್ಕೆ, ಅದರಲ್ಲೂ ಕಬ್ಬಿಗೆ. ಜಾಯಕವಾಡಿಯೋ ಆಳ ಕಡಿಮೆ, ಹರವು ಜಾಸ್ತಿ, ಬಿಸಿಲು ತನ್ನ ಪಾಲು ತೆಗೆದುಕೊಂಡೇ ತೆಗೆದುಕೊಳ್ಳುತ್ತದೆ. ಹಾಗಾದರೆ ಬಕೆಟ್ಟು ಯಾಕೆ ಅಂತ ಕೇಳುತ್ತೀರಿ. ಯಾಕೆಂದರೆ ಮನೆಯ ನೀರು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಕೊರತೆಯಾಗುವ ನೀರು. ನಮ್ಮ ಕಟ್ಟಡದ ತೊಟ್ಟಿ ಎರಡು ಸಲ ತುಂಬಿದರೆ ಪೈಪಿನ ಕೊನೆಯ ಚಾಳಿನವರಿಗೆ ಒತ್ತಡ ಸಾಲುವುದಿಲ್ಲ. ಈ ಬೆಲೆ ನಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ, ನೀರಿನ ಬಿಲ್ಲೇ ಸೊಸೈಟಿ ಮೇಂಟೆನೆನ್ಸಿನೊಳಗೆ ಎಲ್ಲೋ ಅಡಗಿ ಕೂತಿರುತ್ತದೆ.

ಮುಂಬಯಿಯ ನಾವೇನೂ ಈ ಕಥೆಯ ಹೊರಗಿನವರಲ್ಲ. ಗೋದಾವರಿ ಹುಟ್ಟುವ ಅದೇ ತ್ರ್ಯಂಬಕದ ಬೆಟ್ಟಸಾಲಿನಲ್ಲಿ ವೈತರಣಾ ನದಿಯೂ ಹುಟ್ಟುತ್ತದೆ. ಅದು ಪೂರ್ವಕ್ಕೆ, ಇದು ಪಶ್ಚಿಮಕ್ಕೆ. ನಮ್ಮ ಏಳು ಕೆರೆಗಳಲ್ಲಿ ಒಂದಾದ ಅಪ್ಪರ್ ವೈತರಣಾ ಇರುವುದು ನಾಸಿಕ ಜಿಲ್ಲೆಯಲ್ಲೇ. ಇನ್ನುಳಿದ ದೊಡ್ಡ ಕೆರೆಗಳು ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನ ಆಸುಪಾಸು. ಅದೇ ಶಹಾಪುರದ ಎಷ್ಟೋ ಆದಿವಾಸಿ ಪಾಡಾಗಳಿಗೆ ಬೇಸಿಗೆ ಬಂದರೆ ಟ್ಯಾಂಕರು ಬರಬೇಕು. ಹೆಂಗಸರು ಕೊಡ ಹೊತ್ತು ನಡೆಯುವ ದಾರಿಯ ಪಕ್ಕದಲ್ಲೇ ನಮ್ಮ ಊರಿನ ದಪ್ಪ ಕೊಳವೆ ಮಲಗಿರುತ್ತದೆ. ಮುಂದಿನ ಸಲ ಕಸಾರಾ ಘಾಟಿನ ಕಡೆ ರೈಲಿನಲ್ಲಿ ಹೋಗುವಾಗ ಕಿಟಕಿಯಾಚೆ ಕಣ್ಣಾಡಿಸಿ.

ನಿಮ್ಮ ಮನೆಯಲ್ಲಿ ಒಂದೇ ನೀರಿನಿಂದ ಎರಡು, ಮೂರು ಕೆಲಸ ಮಾಡಿಸುವ ಉಪಾಯ ಏನಿದೆ, ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಮಳೆಗಾಲ ಶುರುವಾಗುವ ಮುಂಚೆ ಒಂದು ಸಂಜೆ ಅವನ್ನೆಲ್ಲ ಓದೋಣ. ಆರ್‌ಓ ನೀರಿನಲ್ಲಿ ನೆಲ ಒರೆಸುವುದನ್ನು ಮಾತ್ರ ಬರೆಯಬೇಡಿ, ಅದನ್ನು ನಾನು ಆಗಲೇ ಹೇಳಿಯಾಗಿದೆ.