ಮನೆ ಕಟ್ಟಿ ನೋಡು: ಲೆಕ್ಕ ತಪ್ಪುವುದೆಲ್ಲಿ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಶಾಲೆಗೆ ಗ್ರಂಥಾಲಯ ಕಟ್ಟಿಸಲು ನಾವೆಲ್ಲ ಹೊರಟಿದ್ದೇವೆ. 'ಎಷ್ಟು ಖರ್ಚು? ಯಾವಾಗ ಮುಗಿಯುತ್ತದೆ?' ಎಂದು ಬೆಳಗಿನಿಂದ ಹಲವರು ಕೇಳಿದ್ದೀರಿ. ಅದರ ಬಗ್ಗೆಯೇ ನಾಲ್ಕು ಮಾತು.

ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪ ಮನೆ ಕಟ್ಟಿಸಿದರು. ಯುಗಾದಿಗೆ ಗೃಹಪ್ರವೇಶ ಎಂದಿದ್ದರು ಮೇಸ್ತ್ರಿ. ಆದದ್ದು ದೀಪಾವಳಿ ಕಳೆದ ಮೇಲೆ. ಮರಳು ಸಿಗಲಿಲ್ಲ, ಕಬ್ಬಿಣದ ಬೆಲೆ ಏರಿತು, ಮಳೆ ಹಿಡಿಯಿತು. ಅಕ್ಕನ ಪಿಯುಸಿಗೆಂದು ತೆಗೆದಿಟ್ಟ ಹಣ ತಾರಸಿಗೆ ಹೋಯಿತು. ಅವಳು ಒಂದು ವರ್ಷ ಮನೆಯಲ್ಲೇ ಉಳಿದಳು. ಮೇಸ್ತ್ರಿ ಮೋಸ ಮಾಡಲಿಲ್ಲ, ಅಪ್ಪ ದುಂದು ಮಾಡಲಿಲ್ಲ. ಮತ್ತೆ ಲೆಕ್ಕ ತಪ್ಪಿದ್ದೆಲ್ಲಿ?

ಉತ್ತರ ನಮ್ಮ ಹತ್ತನೇ ತರಗತಿಯ ಗಣಿತದಲ್ಲೇ ಇದೆ. ತಾರಸಿ ಹಾಕುವ ದಿನ ಸಿಮೆಂಟು, ಮರಳು, ಜಲ್ಲಿ, ಆಳುಗಳು, ಮಿಕ್ಸರ್ ಐದೂ ಸಿದ್ಧವಿರಬೇಕು. ಒಂದೊಂದೂ ಹೇಳಿದ ದಿನಕ್ಕೆ ಬರುವ ಸಂಭವ ನೂರಕ್ಕೆ 80 ಎಂದಿಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಐದೂ ಕೂಡಿ ಬರುವ ಸಂಭವ ನೂರಕ್ಕೆ ಸುಮಾರು 33 ಮಾತ್ರ. 0.8 ಅನ್ನು ಐದು ಸಲ ಗುಣಿಸಿ ನೋಡಿ. ನಾಲ್ಕು ಬೇಗ ಬಂದರೂ ಕಾಯಲೇಬೇಕು. ಒಂದು ತಡವಾದರೆ ಎಲ್ಲವೂ ತಡ.

ಇದು ಬಡವರ ಮನೆಯ ಕಥೆ ಮಾತ್ರವಲ್ಲ. ಆಸ್ಟ್ರೇಲಿಯಾದ ಸಿಡ್ನಿ ಒಪೇರಾ ಹೌಸ್ ಚಿತ್ರವನ್ನು ನೀವೆಲ್ಲ ನೋಡಿರುತ್ತೀರಿ. 70 ಲಕ್ಷ ಡಾಲರ್ ಖರ್ಚಿನಲ್ಲಿ 1963ಕ್ಕೆ ಮುಗಿಯುತ್ತದೆ ಎಂದಿದ್ದರು. ಉದ್ಘಾಟನೆಯಾದದ್ದು 1973ರಲ್ಲಿ; ಖರ್ಚು 10.2 ಕೋಟಿ ಡಾಲರ್. ಚಿಪ್ಪಿನಂಥ ಚಾವಣಿಯನ್ನು ಹೇಗೆ ಕಟ್ಟುವುದೆಂದು ತೀರ್ಮಾನವಾಗುವ ಮೊದಲೇ 1959ರಲ್ಲಿ ಕೆಲಸ ಶುರುಮಾಡಿದ್ದರು. ಆಮೇಲೆ ಚಾವಣಿಯ ಭಾರ ಹೊರಲಾರದ ಕಂಬಗಳನ್ನು ಮತ್ತೆ ಕಟ್ಟಬೇಕಾಯಿತು.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮ 'ಇನ್ನೆರಡು ವಾರ' ಮೇಸ್ತ್ರಿಯ 'ನಾಳಿದ್ದು' ಇದ್ದ ಹಾಗೆಯೇ! ಎಲ್ಲವೂ ಸುಸೂತ್ರವಾಗಿ ನಡೆದರೆ ಎಷ್ಟು ದಿನ ಎಂದೇ ನಾವೂ ಲೆಕ್ಕ ಹಾಕುತ್ತೇವೆ. ಎಲ್ಲವೂ ಸುಸೂತ್ರವಾಗಿ ನಡೆಯುವುದೇ ಅಪರೂಪ.

ಆದ್ದರಿಂದ ಸಮಿತಿಯ ಹಿರಿಯರಲ್ಲಿ ಮೂರು ವಿನಂತಿ. ಒಂದು, ತಾರಸಿಯವರೆಗಿನ ನಕ್ಷೆ ಪೂರ್ತಿಯಾಗದೆ ಗುದ್ದಲಿ ಪೂಜೆ ಬೇಡ. ಎರಡು, ಸುತ್ತಲ ಊರುಗಳಲ್ಲಿ ಇತ್ತೀಚೆಗೆ ಇಂಥ ಕೊಠಡಿ ಕಟ್ಟಿಸಿದವರನ್ನು ವಿಚಾರಿಸೋಣ: ಮೊದಲು ಎಷ್ಟು ಅಂದುಕೊಂಡಿದ್ದಿರಿ, ಕೊನೆಗೆ ಎಷ್ಟಾಯಿತು? ನಮ್ಮ ಆಸೆಗಿಂತ ಅವರ ಅನುಭವ ದೊಡ್ಡದು. ಮೂರು, ದಾನಿಗಳಿಗೆ ಒಂದೇ ಮೊತ್ತ, ಒಂದೇ ತಾರೀಖು ಹೇಳುವುದು ಬೇಡ. 'ಇಷ್ಟರಿಂದ ಇಷ್ಟರವರೆಗೆ' ಎಂದು ಹೇಳಿ, ಹೆಚ್ಚಾಗಬಹುದಾದ ಹಣವನ್ನು ಮೊದಲೇ ಬೇರೆ ತೆಗೆದಿಡೋಣ. ಹಾಗೆ ಹೇಳಿದರೆ ದೇಣಿಗೆ ಕಡಿಮೆಯಾದೀತೆಂಬ ಭಯ ಬೇಡ. ಅರ್ಧಕ್ಕೆ ನಿಂತ ಗೋಡೆ ಕಂಡರೆ ಮುಂದೆ ಯಾರೂ ಕೊಡುವುದಿಲ್ಲ.

ನನ್ನ ದೇಣಿಗೆಯ ಅರ್ಧವನ್ನು ಇಂದೇ ಕೊಡುತ್ತೇನೆ. ಉಳಿದರ್ಧ ಆ ತೆಗೆದಿಟ್ಟ ಹಣಕ್ಕೆ ಸೇರಲಿ. ನಮ್ಮ ಅಕ್ಕನೂ ಇದೇ ಶಾಲೆಯವಳು, ಇಲ್ಲೇ ಕೂತಿದ್ದಾಳೆ. ಕಟ್ಟಡದ ಲೆಕ್ಕ ತಪ್ಪಿದ್ದಕ್ಕೆ ಇನ್ನೊಂದು ಮಗುವಿನ ಒಂದು ವರ್ಷ ಹೋಗದಿರಲಿ.