ಒಬ್ಬರ ಗಳಿಕೆ, ಇಬ್ಬರ ಹೊಣೆ



ಮಗು ಹುಟ್ಟುವವರೆಗೆ ಗಂಡಹೆಂಡಿರಿಬ್ಬರೂ ಕೂಲಿಗೆ ಹೋಗಿ ಸಂಸಾರ ನಡೆಸುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಮಗು ಹುಟ್ಟಿದ ಮೇಲೆ ತಾಯಿ ಮನೆಯಲ್ಲಿ ಉಳಿಯಬೇಕಾಗುತ್ತದೆ. ಎರಡು ಕೂಲಿ ಬರುತ್ತಿದ್ದ ಮನೆಗೆ ಒಂದೇ ಕೂಲಿ ಬರುತ್ತದೆ. ಖರ್ಚು ಮಾತ್ರ ಏರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಆದರೆ ಯಾವ ಖರ್ಚನ್ನು ಕಡಿಮೆ ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದನ್ನು ತಿಳಿಯದಿದ್ದರೆ ಮಿತವ್ಯಯವೇ ನಷ್ಟಕ್ಕೆ ಕಾರಣವಾದೀತು. ಈ ದಿನ ಆ ವಿಷಯವನ್ನೇ ತಮ್ಮೊಡನೆ ವಿಚಾರ ಮಾಡಬಯಸುತ್ತೇನೆ.

ಒಮ್ಮೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಐದು ತಿಂಗಳ ಕೂಸನ್ನು ಎತ್ತಿಕೊಂಡು ದಂಪತಿಗಳಿಬ್ಬರು ಬಂದರು. ತಂದೆ ಗಾರೆ ಕೆಲಸದವನು. ಕೂಸಿನ ತೂಕ ಎರಡು ತಿಂಗಳಿಂದ ಏರಿರಲಿಲ್ಲ. ತಾಯಿಯ ಕಣ್ಣಿನ ಒಳರೆಪ್ಪೆ ಬಿಳುಚಿಕೊಂಡಿತ್ತು. ವಿಚಾರಿಸಿದಾಗ ತಿಳಿದುದಿಷ್ಟು: ಎದೆಹಾಲು ಸಾಲದೆಂದು ಯಾರೋ ಹೇಳಿದ್ದರಿಂದ ಹಾಲಿನ ಪುಡಿಯ ಡಬ್ಬಿ ತಂದಿದ್ದರು. ಒಂದು ವಾರಕ್ಕೆ ಆಗುವ ಡಬ್ಬಿ ಎರಡು ವಾರ ಬರಲೆಂದು ನೀರು ಹೆಚ್ಚಿಸಿ ಕಲಸುತ್ತಿದ್ದರು. ಡಬ್ಬಿಯ ಖರ್ಚನ್ನು ಸರಿದೂಗಿಸಲು ತಾಯಿ ತನ್ನ ಒಂದು ಹೊತ್ತಿನ ಊಟವನ್ನೇ ಬಿಟ್ಟಿದ್ದಳು. "ನಾನು ಮನೇಲಿ ಸುಮ್ನೆ ಇರೋಳು ಡಾಕ್ಟ್ರೇ, ಗೇಯೋರು ಉಂಡ್ರೆ ಸಾಕು" ಎಂದಳು.

ಅವರು ಅಲಕ್ಷ್ಯ ಮಾಡಿದವರಲ್ಲ, ಮಿತವ್ಯಯ ಮಾಡಿದವರು. ಆದರೆ ಮಾಡಬಾರದ ಸ್ಥಳದಲ್ಲಿ ಮಾಡಿದ್ದರು.

ಹಾಲೂಡಿಸುವ ತಾಯಿ ಸುಮ್ಮನೆ ಇರುವವಳಲ್ಲ. ಮೊದಲ ಆರು ತಿಂಗಳು ಆಕೆಗೆ ಎಂದಿನ ಊಟದ ಮೇಲೆ ದಿನಕ್ಕೆ ಸುಮಾರು 600 ಕ್ಯಾಲೊರಿಗಳಷ್ಟು ಹೆಚ್ಚಿನ ಆಹಾರ ಬೇಕು. ಇದು ಹೆಚ್ಚುಕಡಿಮೆ ಇನ್ನೊಂದು ಹೊತ್ತಿನ ಊಟಕ್ಕೆ ಸಮ. ಈ ಊಟವನ್ನು ಉಳಿಸಿ ಡಬ್ಬಿ ಕೊಳ್ಳುವುದಕ್ಕಿಂತ, ಡಬ್ಬಿಯನ್ನು ಬಿಟ್ಟು ತಾಯಿಗೆ ಊಟವಿಕ್ಕುವುದು ಲಾಭದಾಯಕ. ಕೂಸಿಗೆ ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಮೇಲೆ ಹೇಳಿದ ತಾಯಿ ಹೊಟ್ಟೆತುಂಬ ಉಂಡು, ಕಬ್ಬಿಣಾಂಶದ ಮಾತ್ರೆ ನುಂಗಿ, ಹಗಲಿರುಳೂ ಮತ್ತೆ ಮತ್ತೆ ಎದೆಗೆ ಹಾಕಿಕೊಂಡಳು. ಹಾಲು ಹೆಚ್ಚಿದಂತೆ ಡಬ್ಬಿ ತಾನಾಗಿಯೇ ಮೂಲೆ ಸೇರಿತು. ಕೂಸಿನ ತೂಕ ಏರತೊಡಗಿತು.

ಪೌಷ್ಟಿಕ ಆಹಾರವೆಂದರೆ ದುಬಾರಿ ಆಹಾರವೆಂದು ಭಾವಿಸಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ; ಅಷ್ಟೇ ಅಕ್ಕಿಯಲ್ಲಿ ಇರುವುದು ಹತ್ತು ಮಿಲಿಗ್ರಾಮಿನ ಆಸುಪಾಸು. ಮುದ್ದೆ, ಹುರುಳಿ, ಹೆಸರುಕಾಳು, ಹಿತ್ತಲಿನ ನುಗ್ಗೆಸೊಪ್ಪು, ಕಡಲೆಕಾಯಿ, ಸಾಧ್ಯವಾದರೆ ಮೊಟ್ಟೆ, ಇವು ಬಾಣಂತಿಗೆ ಉತ್ತಮ ಆಹಾರ. ಪಥ್ಯದ ಹೆಸರಿನಲ್ಲಿ ಇವನ್ನು ತಡೆಯಬೇಡಿ. ಆರು ತಿಂಗಳಾದ ಮೇಲೆ ಮಗುವಿಗೆ ಮನೆಯಲ್ಲೇ ಮಾಡಿದ ರಾಗಿ ಸರಿ, ಮೆದುವಾದ ಬೇಳೆ ಅನ್ನ ಕೊಡಿ. ಜೊತೆಗೆ ಎರಡು ವರ್ಷದವರೆಗಾದರೂ ಎದೆಹಾಲು ಮುಂದುವರಿಯಲಿ.

ಹಾಗಾದರೆ ಉಳಿತಾಯ ಎಲ್ಲಿ? ಮೊದಲನೆಯದು ಬೀಡಿ, ಗುಟ್ಕಾ, ಮದ್ಯ. ದಿನದ ಖರ್ಚನ್ನು ಮೂವತ್ತರಿಂದ ಗುಣಿಸಿ ನೋಡಿದರೆ ತಮಗೇ ಆಶ್ಚರ್ಯವಾದೀತು. ಎರಡನೆಯದು ನಾಮಕರಣಕ್ಕೆಂದು ತರುವ ಸಾಲ. ಮೂರನೆಯದು ನಿಶ್ಶಕ್ತಿಗೆಂದು ಹಾಕಿಸುವ ಗ್ಲೂಕೋಸ್ ಬಾಟಲಿ. ಶೇಕಡಾ 5ರ ಅರ್ಧ ಲೀಟರ್ ಬಾಟಲಿಯಲ್ಲಿರುವ ಗ್ಲೂಕೋಸ್ 25 ಗ್ರಾಂ ಮಾತ್ರ. ಉಣ್ಣಬಲ್ಲವರಿಗೆ ಅದಕ್ಕಿಂತ ಒಂದು ಮುದ್ದೆ ಮೇಲು.

ತಮಗೆ ಸಲ್ಲಬೇಕಾದುದನ್ನು ಬಿಡದೆ ಪಡೆಯಿರಿ. ಲಸಿಕೆಗಳೂ, ಹೆರಿಗೆಯ ನಂತರ 180 ದಿನ ನುಂಗಬೇಕಾದ ಕಬ್ಬಿಣಾಂಶದ ಮಾತ್ರೆಗಳೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಆರಂಭವಾಯಿತು. ಅದೇ ವರ್ಷ ಬಂದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಡಿ ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ 5,000 ರೂಪಾಯಿ ದೊರೆಯುತ್ತದೆ. ಇದು ತಾಯಿ ಕಳೆದುಕೊಂಡ ಕೂಲಿಗೆ ಭಾಗಶಃ ಪರಿಹಾರ. ಮನೆಯಲ್ಲಿರುವ ತಾಯಿಯ ಕಾಲಕ್ಕೂ ಬೆಲೆಯುಂಟೆಂದು ಸರ್ಕಾರವೇ ಒಪ್ಪಿದ ಮೇಲೆ ಮನೆಯವರು ಒಪ್ಪದಿರುವುದು ಸರಿಯಲ್ಲ. ಆ ಹಣ ಆಕೆಯ ಊಟಕ್ಕೇ ಸಲ್ಲಲಿ. ನೋಂದಣಿಗೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕಾಣಿರಿ.

ಇನ್ನೊಂದು ಮುಖ್ಯ ಮಾತು. ಒಂದು ಗಳಿಕೆಯಲ್ಲಿ ಒಂದು ಎಳೆಯ ಕೂಸನ್ನು ಚೆನ್ನಾಗಿ ಸಾಕಬಹುದು. ಎರಡು ಕೂಸುಗಳು ಒಟ್ಟಿಗೆ ಎಳೆಯವಾದರೆ ತಾಯಿಯ ದೇಹವೂ ಸಂಸಾರವೂ ಸೋಲುತ್ತವೆ. ಮಗುವಿನಿಂದ ಮಗುವಿಗೆ ಮೂರು ವರ್ಷ ಅಂತರವಿರಲಿ. ಹತ್ತು ವರ್ಷ ಕೆಲಸ ಮಾಡುವ ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಚುಚ್ಚುಮದ್ದು, ನಿರೋಧ್, ಎಲ್ಲವೂ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ತಮಗೆ ಯಾವುದು ತಕ್ಕುದೆಂಬುದನ್ನು ಇಬ್ಬರೂ ಕೂಡಿ ಬಂದು ಕೇಳಿ ತಿಳಿದುಕೊಳ್ಳಿರಿ.

ಕೂಲಿ ಬಂದ ದಿನ ಸಂಜೆ ಇಬ್ಬರೂ ಕುಳಿತು ಲೆಕ್ಕ ಹಾಕಿರಿ. ಮೊದಲು ಊಟದ ಹಣ, ಅನಂತರ ಸಾಲದ ಕಂತು, ಉಳಿದುದರಲ್ಲಿ ಸ್ವಲ್ಪ ಅಂಚೆ ಕಚೇರಿಯ ಉಳಿತಾಯ ಖಾತೆಗೆ. ಗಳಿಸುವವರು ಒಬ್ಬರೇ ಆದರೂ ಲೆಕ್ಕ ಇಬ್ಬರದು. ಊಟಕ್ಕೆ ಕೂರುವಾಗಲೂ ಇಬ್ಬರೂ ಒಟ್ಟಿಗೆ ಕೂರಿರಿ. ಆಗ ಯಾರ ತಟ್ಟೆಯಲ್ಲಿ ಎಷ್ಟಿದೆ ಎಂಬುದು ಇಬ್ಬರಿಗೂ ಕಾಣುತ್ತದೆ.